ಬೇವು ಕಟ್ಟಿದ ಗೇಟು

ಆ ಗೇಟಿಗೆ ಕಟ್ಟಿದ್ದು ಬರೀ ಬೇವಿನ ಸೊಪ್ಪೋ, ಜೊತೆಗೆ ಮಾವಿನ ಎಲೆಯೂ ಇತ್ತೋ ಎಂಬುದು ನನಗೆ ಈಗಲೂ ಖಚಿತವಿಲ್ಲ. ಇತ್ತು ಎಂದು ನನ್ನ ನೆನಪು. ಮಾವು ಗೀವು ಏನೂ ಇರಲಿಲ್ಲ, ನೀನು ಆಮೇಲೆ ಸೇರಿಸಿಕೊಂಡಿದ್ದೀಯ ಎಂದು ಸಾದಿಕ್ ಹೇಳುತ್ತಾನೆ. ಅವನ ಮಾತೇ ಸರಿ ಇರಬಹುದು. ಮಾವು ಇದ್ದಿದ್ದರೆ ನಮ್ಮ ಪೆದ್ದುತನಕ್ಕೆ ಒಂದು ನೆಪ ಸಿಗುತ್ತದೆ. ಹಾಗಾಗಿ ನನ್ನ ತಲೆ ತಾನಾಗಿಯೇ ನಾಲ್ಕು ಎಲೆ ಕಿತ್ತು ತಂದು ಅಲ್ಲಿ ಸಿಕ್ಕಿಸಿದ್ದರೂ ಆಶ್ಚರ್ಯವಿಲ್ಲ. ಶ್ರೀಲಂಕಾದಲ್ಲಿ ಕಳೆದ ಆ ದಿನಗಳ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಇಂಥ ಸಂದೇಹಗಳೇ. ಓದುವವರು ನನ್ನನ್ನು ಅರ್ಧ ನಂಬಿದರೆ ಸಾಕು. ಉಳಿದರ್ಧಕ್ಕೆ ಸಾದಿಕ್‌ನನ್ನು ಕೇಳಬಹುದು, ಆದರೆ ಅವನೂ ಅರ್ಧವೇ.

ಕಡೂರು

ನಾನು ಕಡೂರಿನವನು, ಸಾದಿಕ್ ತರೀಕೆರೆಯವನು. ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದವರು. ರೋಗ ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹಬ್ಬುತ್ತದೆ, ಎಲ್ಲಿ ಶುರುವಾಯಿತೆಂದು ಹೇಗೆ ಪತ್ತೆ ಹಚ್ಚಬೇಕು, ಎಲ್ಲಿ ತಡೆಯಬೇಕು ಎಂಬುದು ನಮ್ಮ ವಿದ್ಯೆ. ನಾವು ಸೇರಿದಾಗ ಕೊರೋನಾ ಕಾಲ. ಟಿ.ವಿ. ಹಾಕಿದರೆ ನಮ್ಮ ಕೋರ್ಸಿನ ಮಾತೇ. ಓದಿ ಮುಗಿಸುವಷ್ಟರಲ್ಲಿ ಕೊರೋನಾ ಇಳಿಯಿತು. ಲೋಕಕ್ಕೆಲ್ಲ ಸಮಾಧಾನವಾಯಿತು. ನಮ್ಮಿಬ್ಬರಿಗೂ ಆಯಿತು, ಆದರೆ ಪೂರ್ತಿ ಆಗಲಿಲ್ಲ.

ಆಮೇಲೆ ಶುರುವಾದದ್ದು ಮದುವೆ ಮನೆಗಳ ಪರೀಕ್ಷೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತ ಸಿಂಗಟಗೆರೆಯ ಮಾವ ಏನು ಓದಿದ್ದೀಯ ಎಂದು ಕೇಳುತ್ತಾರೆ. ಹೇಳಿದರೆ, ಹಾಗಾದರೆ ಡಾಕ್ಟರಾ ಎನ್ನುತ್ತಾರೆ. ಅಲ್ಲ ಎಂದರೆ ಕಾಂಪೌಂಡರಾ ಎನ್ನುತ್ತಾರೆ. ಅದೂ ಅಲ್ಲ ಎಂದರೆ ಸ್ವಲ್ಪ ಹೊತ್ತು ಪಾಯಸ ಕುಡಿದು, ಆದರೂ ಇರಲಿ ಎಂದು ಮಂಡಿನೋವು ತೋರಿಸುತ್ತಾರೆ. ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಒಂದಷ್ಟು ತಿಂಗಳು ಪಾಠ ಮಾಡಿದೆ. ಅತಿಥಿಯನ್ನು ಅವರು ಅತಿಥಿಯಂತೆಯೇ ಬೇಗ ಬೀಳ್ಕೊಟ್ಟರು.

ಆಗ ಸಾದಿಕ್ ಒಂದು ಸುದ್ದಿ ತಂದ. ಶ್ರೀಲಂಕಾದ ಕುರುನೆಗಲ ಎಂಬ ಊರಿನಲ್ಲಿ ಒಂದು ಸಂಸ್ಥೆ ಡೆಂಗೆ ಹಬ್ಬುವುದರ ಬಗ್ಗೆ ಕೆಲವು ವಾರಗಳ ತರಬೇತಿ ಕೊಡುತ್ತದಂತೆ. ಕೊನೆಗೆ ಹಳ್ಳಿಗಳಿಗೆ ಕಳಿಸುತ್ತಾರೆ. ಅಲ್ಲಿ ಚೆನ್ನಾಗಿ ಕೆಲಸ ಮಾಡಿದ ಹೊರದೇಶದವರಲ್ಲಿ ಒಬ್ಬರನ್ನು ಒಂದು ವರ್ಷಕ್ಕೆ ಇಟ್ಟುಕೊಳ್ಳುತ್ತಾರೆ. ಒಬ್ಬರನ್ನು ಮಾತ್ರ. ಇಬ್ಬರೂ ಅರ್ಜಿ ಹಾಕಿದೆವು, ಇಬ್ಬರಿಗೂ ಸಿಕ್ಕಿತು. ಯುಗಾದಿಯ ಹೋಳಿಗೆ ಮೂರು ದಿನ ತಿಂದು ಹೊರಟೆ. ಶಿವಮೊಗ್ಗದ ರೈಲಿನಲ್ಲಿ ತರೀಕೆರೆಯಲ್ಲೇ ಹತ್ತಿದ್ದ ಸಾದಿಕ್, ಕಡೂರಿನಲ್ಲಿ ನನಗಾಗಿ ಸೀಟಿನ ಮೇಲೆ ಕಾಲು ಚಾಚಿ ಮಲಗಿದ್ದ. ಕೆಲಸ ಯಾರಿಗಾದರೂ ಆಗಲಿ, ಇನ್ನೊಬ್ಬ ಮುಖ ಗಂಟು ಹಾಕಿಕೊಳ್ಳಬಾರದು ಎಂದು ಬೀರೂರಿನ ವಡೆ ತಿನ್ನುತ್ತ ಮಾತಾಯಿತು. ಬೀರೂರು ಕಡೂರಿಗಿಂತ ಮೊದಲೇ ಬರುತ್ತದೆ, ಹಾಗಾಗಿ ವಡೆ ಆರಿತ್ತು.

ಕೊಲಂಬೊ

ಕಡೂರಿನಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಬೆಂಗಳೂರಿನಿಂದ ಕೊಲಂಬೊಗೆ ಹೋಗುವುದು ಬೇಗ ಆಗುತ್ತದೆ. ವಿದೇಶ ಎಂದರೆ ಕೊಂಚ ದೂರವಾದರೂ ಇರಬೇಕಿತ್ತು ಎಂದು ಬೇಸರವಾಯಿತು.

ಸಾದಿಕ್‌ನ ಅಪ್ಪನಿಗೆ ಬಸ್ಸು ಆಟೋಗಳ ಸೀಟು ಹೊಲಿಯುವ ಅಂಗಡಿಯಿದೆ. ಹಾಗಾಗಿ ಅವನು ಯಾವ ದೇಶವನ್ನೂ ಮೊದಲು ಕೂತು ಅಳೆಯುತ್ತಾನೆ. ಕೊಲಂಬೊದ ಬಸ್ಸಿನ ಸೀಟಿನ ಅಂಚಿಗೆ ಬೆರಳಾಡಿಸಿ, ಹೊಲಿಗೆ ಚೆನ್ನಾಗಿದೆ, ಸ್ಪಂಜು ಮೋಸ ಎಂದು ತೀರ್ಪು ಕೊಟ್ಟ. ನನಗೆ ಕಂಡದ್ದು ಬೇರೆ. ಇಳಿಯುವವರು ಜೊತೆಯವರಿಗೆ ಹೇಳುವ ಮಾತು ‘ಹೋಗಿ ಬರ್ತೀನಿ’ ಎಂಬ ಅರ್ಥದ್ದೇ. ಬರೀ ‘ಹೋಗ್ತೀನಿ’ ಎಂದರೆ ಅಲ್ಲಿಯೂ ಅಪಶಕುನವಂತೆ. ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆ. ಇಷ್ಟು ಹತ್ತಿರದ ಜನ ಎಂದು ಖುಷಿಪಟ್ಟು ನಾನು ಒಬ್ಬರನ್ನು ಕನ್ನಡದಲ್ಲೇ ದಾರಿ ಕೇಳಿದೆ. ಅವರು ನಗುತ್ತ ತಲೆಯಾಡಿಸಿ ಸಿಂಹಳದಲ್ಲೇ ಹೇಳಿದರು. ಇಬ್ಬರಿಗೂ ತೃಪ್ತಿಯಾಯಿತು, ದಾರಿ ಮಾತ್ರ ತಪ್ಪಿತು.

ಶುಕ್ರವಾರ ಮಸೀದಿಗೆ ಹೋದ ಸಾದಿಕ್ ಮೋರೆ ಸಣ್ಣ ಮಾಡಿಕೊಂಡು ಬಂದ. ಮನೆಯಲ್ಲಿ ಆಡುವ ದಖ್ಖನಿ ಇಲ್ಲಿ ನಡೆಯುತ್ತದೆಂದು ನಂಬಿ ಹೋಗಿದ್ದನಂತೆ. ಅಲ್ಲಿ ಎಲ್ಲರೂ ತಮಿಳು ಮಾತಾಡಿದರಂತೆ.

“ನಮ್ಮೋರು ಅಂತ ಹೋದ್ರೆ ಅಲ್ಲಿ ನಾನೊಬ್ನೇ ಪರದೇಶಿ ಕಣೋ,” ಎಂದ.

“ಪರದೇಶಕ್ಕೇ ಅಲ್ವೇನೋ ಬಂದಿರೋದು?” ಎಂದೆ.

ಕುರುನೆಗಲ

ಕುರುನೆಗಲಕ್ಕೆ ರೈಲಿನಲ್ಲಿ ಹೋಗುವಾಗ ಎರಡೂ ಕಡೆ ತೆಂಗಿನ ತೋಟ, ನಡುನಡುವೆ ಕೆರೆ, ದೂರದಲ್ಲಿ ಬೋಳು ಬಂಡೆ. ನಮ್ಮ ಕಡೂರಿನ ಪಂಚನಹಳ್ಳಿ ದಾರಿಯಲ್ಲಿ ಕೊಳವೆ ಬಾವಿಗಳನ್ನೆಲ್ಲ ಮುಚ್ಚಿ ಕೆರೆಗಳಿಗೆ ನೀರು ತುಂಬಿಸಿದರೆ ಹೀಗೇ ಕಾಣಬಹುದು. ವ್ಯತ್ಯಾಸ ಅಡುಗೆ ಮನೆಯಲ್ಲಿ ತಿಳಿಯುತ್ತದೆ. ನಮ್ಮ ಕಡೆ ತೆಂಗು ಬೆಳೆಯುವುದು ಕೊಬ್ಬರಿ ಮಾಡಿ ಮಾರುವುದಕ್ಕೆ. ಚಟ್ನಿಗೆ ಒಂದು ಹೋಳು ಜಾಸ್ತಿ ಹಾಕಿದರೆ ಅವ್ವ ಕೈ ಹಿಡಿಯುತ್ತಾಳೆ. ಅಲ್ಲಿ ಬೆಳೆಯುವುದು ತಿನ್ನುವುದಕ್ಕೆ. ಅನ್ನಕ್ಕೆ ತೆಂಗಿನ ಹಾಲು, ಸೊಪ್ಪಿಗೆ ತುರಿ, ಶ್ಯಾವಿಗೆಗೆ ತುರಿ, ಮೀನಿಗೆ ಹಾಲು. ಚಹಾಕ್ಕೆ ಸಕ್ಕರೆ ಹಾಕದೆ ಬೆಲ್ಲದ ಚೂರು ಕಚ್ಚಿಕೊಂಡು ಕುಡಿಯುತ್ತಾರೆ. ನಾನು ಅದನ್ನು ಊರಿಗೂ ತಂದಿದ್ದೇನೆ, ಮನೆಯಲ್ಲಿ ಯಾರೂ ಮೆಚ್ಚಿಲ್ಲ.

ನಾವು ಉಳಿದದ್ದು ಸೋಮಾ ಎಂಬ ವಿಧವೆಯೊಬ್ಬರ ಮನೆಯ ಮಹಡಿಯಲ್ಲಿ. ಬಾಡಿಗೆಗೆ ಕೋಣೆ ಕೊಟ್ಟು, ಊಟ ಹಾಕುತ್ತಿದ್ದರು. ಅವರನ್ನು ಸೋಮಾ ಅಕ್ಕ ಎಂದೆವು. ಅವರ ಮಾತು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಒಂದು ಸಲವೂ ನಮಗೆ ತಿಳಿಯದೆ ಹೋಗಲಿಲ್ಲ. ತರಬೇತಿ ನಡೆಸುತ್ತಿದ್ದವರು ನಿರ್ಮಲಾ ಎಂಬ ಡಾಕ್ಟರು. ಸಣ್ಣ ದನಿ, ದೊಡ್ಡ ಕನ್ನಡಕ. ಮೊದಲ ದಿನವೇ ಹೇಳಿದರು: ಕಾಯಿಲೆ ಯಾವಾಗ ಶುರುವಾಯಿತೆಂದು ಜನರನ್ನು ಕೇಳಿ, ಆದರೆ ಅವರ ನೆನಪನ್ನು ಹಾಗೇ ನಂಬಬೇಡಿ. ಇದು ನನಗೆ ತುಂಬ ಹಿಡಿಸಿದ ಪಾಠ. ಜನರ ನೆನಪನ್ನು ನಂಬದಿರುವುದರಲ್ಲಿ ನಾನು ಮೊದಲಿನಿಂದಲೂ ಮುಂದೆ.

ಪಕ್ಕದ ಮನೆ

ಸಿಂಹಳೀಯರ ಹೊಸ ವರ್ಷ ಬರುವುದು ನಮ್ಮ ಯುಗಾದಿ ಆದಮೇಲೆ, ಏಪ್ರಿಲ್ ನಡುವಿನಲ್ಲಿ. ಪೇಟೆಯಲ್ಲಿ ಆಗಲೇ ಬಟ್ಟೆ ಅಂಗಡಿಗಳ ಗಲಾಟೆ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ತಿರುಗಾಡಲು ಹೊರಟಾಗ, ಸೋಮಾ ಅಕ್ಕನ ಮನೆಯಿಂದ ಎರಡನೆಯ ಗೇಟಿಗೆ ಬೇವಿನ ಸೊಪ್ಪು ಕಟ್ಟಿದ್ದು ಕಂಡಿತು. ಹಸಿ ಸೊಪ್ಪು, ಆಗಷ್ಟೇ ಕಟ್ಟಿದ್ದು.

ನಾನು ಯುಗಾದಿಯ ತೋರಣ ಕಟ್ಟಿ ಬಂದು ಎರಡು ವಾರ ಕಳೆದಿತ್ತಷ್ಟೆ. ಬೇವು ಕಂಡ ಕೂಡಲೇ ಮನೆ ನೆನಪಾಯಿತು. ಇವರೂ ಬೇವು ಕಟ್ಟುತ್ತಾರೆ ಎಂದು ಸಾದಿಕ್‌ಗೆ ತೋರಿಸಿದೆ. ಹಾಗಾದ್ರೆ ಬೇವುಬೆಲ್ಲನೂ ಇರುತ್ತೆ, ನಡಿ ಎಂದು ಅವನೇ ಗೇಟು ತೆಗೆದ. ತರೀಕೆರೆಯಲ್ಲಿ ಯುಗಾದಿಯ ದಿನ ಅವನು ಕಡಿಮೆಯೆಂದರೆ ನಾಲ್ಕು ಮನೆಯಲ್ಲಿ ಉಣ್ಣುತ್ತಾನೆ.

ಒಳಗಿನಿಂದ ಬಂದ ಅಜ್ಜಿ ನಮ್ಮನ್ನು ನೋಡಿ ಬೆರಗಾದರು. ನಾವು ಕೈ ಮುಗಿದು ಇಂಗ್ಲಿಷಿನಲ್ಲಿ ಹೊಸ ವರ್ಷದ ಶುಭಾಶಯ ಹೇಳಿದೆವು. ಅಜ್ಜಿ ಸಿಂಹಳದಲ್ಲಿ ಏನೋ ಹೇಳಿ ಸೊಪ್ಪಿನ ಕಡೆ ಕೈ ತೋರಿಸಿದರು. ನಾವೂ ಸೊಪ್ಪಿನ ಕಡೆ ಕೈ ತೋರಿಸಿ, ನಮ್ಮಲ್ಲೂ ಇದೆ, ತುಂಬ ಒಳ್ಳೆಯದು ಎಂದು ತಲೆಯಾಡಿಸಿದೆವು. ಬಾಗಿಲಿಗೆ ಬಂದವರನ್ನು ಕಳಿಸಲು ಅವರಿಗೆ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಕೇಸರಿ ಬಣ್ಣದ ಎಳನೀರು ಕೊಟ್ಟರು. ನಡುಮನೆಯಲ್ಲಿ ಚಾಪೆಯ ಮೇಲೆ ಐದಾರು ವರ್ಷದ ಹುಡುಗಿ ಕುತ್ತಿಗೆವರೆಗೆ ದುಪ್ಪಟಿ ಹೊದ್ದು ಕಾರ್ಟೂನ್ ನೋಡುತ್ತಿದ್ದಳು. ಸಾದಿಕ್ ಅವಳ ಪಕ್ಕ ಕೂತು ಫೋನಿನಲ್ಲಿ ಹುಲಿಯ ಮುಖ ಹಾಕಿಕೊಂಡು ನಗಿಸಿದ. ನಾನೂ ಬಗ್ಗಿ ಒಂದು ಫೋಟೋಗೆ ನಿಂತೆ. ಬೇವುಬೆಲ್ಲ ಮಾತ್ರ ಬರಲಿಲ್ಲ.

ಮನೆಗೆ ಬಂದು ಸೋಮಾ ಅಕ್ಕನಿಗೆ ಹೇಳಿದೆವು. ಅವರು ಸೌಟು ಕೆಳಗಿಟ್ಟರು. ನಮ್ಮನ್ನು ಹಿತ್ತಲಿನ ಬಾವಿಯ ಹತ್ತಿರ ಅಟ್ಟಿ, ತಲೆಗೆ ನೀರು ಹಾಕಿಕೊಳ್ಳಲು ಹೇಳಿದರು. ಆಮೇಲೆ ತಿಳಿಯಿತು: ದೇವರ ಕಾಯಿಲೆ ಬಂದ ಮನೆಗೆ ಯಾರೂ ಹೋಗದಿರಲಿ ಎಂದು ಗೇಟಿಗೆ ಬೇವು ಕಟ್ಟುತ್ತಾರೆ. ಹುಡುಗಿಗೆ ಚಿಕನ್‌ಪಾಕ್ಸ್ ಆಗಿತ್ತು. ನಮ್ಮ ಕಡೆ ಅದಕ್ಕೆ ‘ಅಮ್ಮ’ ಎನ್ನುತ್ತೇವೆ. ಅಮ್ಮ ಆದ ಮನೆಗೆ ನಮ್ಮಲ್ಲೂ ಬೇವೇ ಕಟ್ಟುವುದು. ಕಡೂರಿನಲ್ಲಿ ಹುಟ್ಟಿದ ಎಂಥವನಿಗೂ ಇದು ಗೊತ್ತು. ರೋಗ ಹಬ್ಬುವುದನ್ನು ತಡೆಯಲು ಓದಿದ ಇಬ್ಬರು, ಲೋಕದ ಅತಿ ಹಳೆಯ ಎಚ್ಚರಿಕೆಯ ಫಲಕವನ್ನು ಹಬ್ಬದ ಆಹ್ವಾನವೆಂದು ಓದಿ ಒಳಗೆ ಹೋಗಿ ಫೋಟೋ ತೆಗೆಸಿಕೊಂಡಿದ್ದೆವು.

ಫೋನಿನಲ್ಲಿ ಅಜ್ಜಂಪುರ

ಮರುದಿನವೇ ಡಾಕ್ಟರ್ ನಿರ್ಮಲಾಗೆ ಹೇಳಿದೆವು. ಅವರು ನಗಲಿಲ್ಲ. ತರಬೇತಿಯ ಕೊನೆಯ ಹಂತದಲ್ಲಿ ನಮ್ಮನ್ನು ಕಳಿಸಬೇಕಿದ್ದದ್ದು ಹಳ್ಳಿಗಳ ಬಸುರಿಯರ ಚಿಕಿತ್ಸಾಲಯಗಳಿಗೆ. ಬಸುರಿಗೆ ಚಿಕನ್‌ಪಾಕ್ಸ್ ತಗುಲಿದರೆ ತಾಯಿಗೂ ಮಗುವಿಗೂ ಅಪಾಯ. ಚಿಕ್ಕಂದಿನಲ್ಲಿ ಒಮ್ಮೆ ಆಗಿದ್ದವರಿಗೆ ಸಾಮಾನ್ಯವಾಗಿ ಮತ್ತೆ ಆಗುವುದಿಲ್ಲ, ಅವರು ಹೋಗಬಹುದು. ಆಗದವರು ಮೂರು ವಾರ ಯಾರ ಹತ್ತಿರವೂ ಸುಳಿಯಬಾರದು. ಅಷ್ಟರಲ್ಲಿ ಆ ಹಂತ ಮುಗಿಯುತ್ತದೆ, ಅದರ ಜೊತೆಗೆ ಕೆಲಸದ ಆಸೆಯೂ.

ಸಾದಿಕ್‌ಗೆ ಚಿಂತೆಯಿರಲಿಲ್ಲ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಅವನಿಗೆ ಅಮ್ಮ ಆಗಿ ಪರೀಕ್ಷೆ ತಪ್ಪಿತ್ತು. ನಾನೇ ಹಾಸ್ಟೆಲಿನ ಕಿಟಕಿಯಾಚೆಯಿಂದ ನೋಡಿದ್ದೆ.

ನನ್ನ ಕಥೆ ಹಾಗಲ್ಲ. ನನಗೆ ಸ್ಪಷ್ಟವಾಗಿ ನೆನಪಿತ್ತು: ಬೇವಿನ ಸೊಪ್ಪು ಹಾಸಿದ ಚಾಪೆಯ ಮೇಲೆ ಮಲಗಿದ್ದೇನೆ, ಮೇಲೆ ಜಂತೆಯಲ್ಲಿ ಗುಬ್ಬಿ ಗೂಡು, ಪಕ್ಕದಲ್ಲಿ ಮೊಸರನ್ನ. ಹಾಗಾದರೆ ಆಗಿತ್ತು ಎಂದು ಹೇಳಿಬಿಡಬಹುದಿತ್ತು. ಆದರೆ ಬಸುರಿಯರ ಮಾತು ಬಂದಮೇಲೆ, ಒಂದು ಸಲ ಮನೆಯವರನ್ನು ಕೇಳೋಣ ಎನಿಸಿತು. ರಕ್ತ ಪರೀಕ್ಷೆಯ ದಾರಿ ಇತ್ತು. ಆದರೆ ಹೊಸ ವರ್ಷಕ್ಕೆ ಇಡೀ ದೇಶವೇ ಬಾಗಿಲು ಹಾಕುವ ಹೊತ್ತು, ರಿಪೋರ್ಟು ಬರುವುದು ರಜೆ ಕಳೆದ ಮೇಲೆ. ಯಾರು ಎಲ್ಲಿಗೆ ಎಂದು ಡಾಕ್ಟರು ರಜೆಗೆ ಮೊದಲೇ ತೀರ್ಮಾನಿಸಬೇಕಿತ್ತು.

ಕಡೂರಿನಲ್ಲಿದ್ದ ಅವ್ವನಿಗೆ ಫೋನು ಮಾಡಿದೆ. ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಜ್ಜಂಪುರದ ದೊಡ್ಡಮ್ಮನಿಗೂ ಗೊತ್ತು ಎಂದಳು. ಸಾಕ್ಷಿ ಇಬ್ಬರಾದರೆ ಒಳ್ಳೆಯದೆಂದು, ಅವ್ವನ ಅಕ್ಕನಾದ ದೊಡ್ಡಮ್ಮನನ್ನೂ ಅದೇ ಕರೆಗೆ ಸೇರಿಸಿದೆ. ಅದೇ ತಪ್ಪಾಯಿತು.

“ಇವನಿಗೆ ಅಮ್ಮ ಆಗಿತ್ತಲ್ವೇನಕ್ಕ, ಒಂದನೇ ಕ್ಲಾಸಲ್ಲಿ?” ಎಂದಳು ಅವ್ವ. “ಮೈತುಂಬ ಎದ್ದಿತ್ತು. ನಾನೇ ಬೇವಿನ ಸೊಪ್ಪಲ್ಲಿ ಒರೆಸ್ತಿದ್ದೆ.”

“ನೀನ್ ಯಾವಾಗ ಒರೆಸ್ದೆ?” ಎಂದಳು ದೊಡ್ಡಮ್ಮ. “ಆವಾಗ ಇವನು ನಮ್ಮನೇಲಿದ್ದ. ಅಮ್ಮ ಆಗಿದ್ದು ದೊಡ್ಡೋನಿಗೆ. ಇವನಿಗೂ ಅಂಟ್ಬಾರ್ದು ಅಂತ ನೀನೇ ಬಸ್ ಹತ್ತಿಸಿ ಕಳ್ಸಿದ್ದು.”

“ಅದು ಮಂಗನಬಾವು ಆದಾಗ ಕಣಕ್ಕ.”

“ಮಂಗನಬಾವು ಆಗಿದ್ದು ನಿನ್ ಗಂಡನಿಗೆ ಕಣೇ.”

ನಾನು ನಡುವೆ ಬಾಯಿ ಹಾಕಿ, ಬೇವಿನ ಚಾಪೆಯ ಮೇಲೆ ನಾನು ಮಲಗಿದ್ದು ನೆನಪಿದೆಯಲ್ಲ, ಅದೇನು ಎಂದೆ.

“ನಮ್ಮನೇಲೇ ಮಲಗಿದ್ದು,” ಎಂದಳು ದೊಡ್ಡಮ್ಮ. “ಅಣ್ಣನಿಗೆ ಹಾಸ್ಯವ್ರೆ, ನಂಗೂ ಬೇವಿನ ಹಾಸಿಗೆ ಬೇಕು ಅಂತ ರಚ್ಚೆ ಹಿಡ್ದೆ. ಹಾಸ್ಕೊಟ್ಟೆ. ಮೊಸರನ್ನನೂ ಕೇಳ್ದೆ. ಕೊಟ್ಟೆ. ಎರಡು ದಿನ ಗುಂಡುಕಲ್ಲಂಗೆ ಮಲ್ಗಿದ್ದೆ, ಒಂದು ಗುಳ್ಳೆನೂ ಇರ್ಲಿಲ್ಲ ಕಣಪ್ಪ.”

ಅವ್ವ ಸುಮ್ಮನಿರಲಿಲ್ಲ. ನಿಮ್ಮನೆಗೆ ಜಂತೆ ಎಲ್ಲಿತ್ತು, ತಾರಸಿ ಅಲ್ವಾ ಎಂದು ಹಿಡಿದಳು. ತಾರಸಿ ಹಾಕಿಸಿದ್ದು ಆಮೇಲೆ ಎಂದಳು ದೊಡ್ಡಮ್ಮ. ಅಲ್ಲಿಂದ ಮಾತು ತಾರಸಿಗೆ, ಯಾರ ಮನೆಯ ಗೃಹಪ್ರವೇಶಕ್ಕೆ ಯಾರು ಬರಲಿಲ್ಲ ಎಂಬುದಕ್ಕೆ ಹೋಯಿತು. ಮಠದ ಸ್ವಾಮಿಗಳು ಬಂದಿದ್ದ ವರ್ಷ ಯಾವುದೆಂದು ಇಬ್ಬರೂ ಜಗಳಾಡುತ್ತಿರುವಾಗ ನಾನು ಫೋನಿಟ್ಟೆ. ಅಣ್ಣನನ್ನು ಬೇರೆಯಾಗಿ ಕೇಳಿದೆ. ತನಗಂತೂ ಆಗಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ, ಪಕ್ಕದಲ್ಲಿ ಯಾರಿದ್ದರೆಂದು ಹೇಗೆ ಹೇಳಲಿ ಎಂದ. ಮೂವರಲ್ಲಿ ನಂಬುವಂಥ ಸಾಕ್ಷಿ ಅವನೊಬ್ಬನೇ. ಅವನು ಏನನ್ನೂ ನೋಡಿರಲಿಲ್ಲ.

ಸಂಜೆ ಕೆರೆಯ ಏರಿಯ ಮೇಲೆ ಕೂತಿದ್ದಾಗ ಸಾದಿಕ್ ಮೆಲ್ಲಗೆ ಹೇಳಿದ:

“ಹೌದು ಅಂದ್ಬಿಡೋ. ಹೆತ್ತೋರೇ ಹೇಳ್ತವ್ರೆ. ನಿಮ್ ದೊಡ್ಡಮ್ಮಂಗೆ ವಯಸ್ಸಾಯ್ತು.”

ನಾನು ಹೋಗದಿದ್ದರೆ ಕೆಲಸ ಹೆಚ್ಚುಕಡಿಮೆ ಅವನದೇ. ಅದು ಗೊತ್ತಿದ್ದೇ ಅವನು ಹಾಗೆ ಹೇಳಿದ. ಆ ಗಳಿಗೆಯಲ್ಲಿ ನನಗೆ ಹೌದು ಎನ್ನುವ ಆಸೆ ಬಲವಾಗಿತ್ತು. ಮತ್ತೆ ಮದುವೆ ಮನೆಗಳು, ಮತ್ತೆ ಮಂಡಿನೋವು ಕಣ್ಣ ಮುಂದೆ ಬಂದವು. ಆದರೆ ಎಷ್ಟು ಯೋಚಿಸಿದರೂ ಆ ಚಾಪೆಯ ಮೇಲೆ ನನ್ನ ಮೈ ಕೆರೆಯುತ್ತಿತ್ತೋ ಇಲ್ಲವೋ ಎಂಬುದು ನೆನಪಿಗೆ ಬರಲಿಲ್ಲ. ಗುಬ್ಬಿ ಗೂಡು ಬರುತ್ತಿತ್ತು, ಮೊಸರನ್ನದ ರುಚಿ ಬರುತ್ತಿತ್ತು, ಕೆರೆತ ಬರುತ್ತಿರಲಿಲ್ಲ.

ಬೆಳಿಗ್ಗೆ ಡಾಕ್ಟರು ಕೇಳಿದಾಗ ಗೊತ್ತಿಲ್ಲ ಎಂದೆ.

“ಗೊತ್ತಿಲ್ಲ ಅಂದರೆ ನಮ್ಮ ಲೆಕ್ಕದಲ್ಲಿ ಆಗಿಲ್ಲ ಅಂತಲೇ,” ಎಂದು ಅವರು ಮುಂದಿನ ಹುಡುಗನ ಕಡೆ ತಿರುಗಿದರು. ಅಷ್ಟೇ. ಭೇಷ್ ಎನ್ನುತ್ತಾರೇನೋ ಎಂದು ಒಂದು ಕ್ಷಣ ನಿಂತಿದ್ದೆ. ಆಮೇಲೆ ಚೀಲ ಎತ್ತಿಕೊಂಡೆ.

ಮಹಡಿಯ ಕೋಣೆ

ಸಾದಿಕ್ ಕೆಳಗಿನ ಕೋಣೆಗೆ ಇಳಿದ, ನಾನು ಮೇಲೆ ಒಬ್ಬನೇ ಉಳಿದೆ. ಸೋಮಾ ಅಕ್ಕನಿಗೆ ಚಿಕ್ಕಂದಿನಲ್ಲೇ ಆಗಿತ್ತಂತೆ, ಆದರೂ ಊಟವನ್ನು ಮೆಟ್ಟಿಲ ತುದಿಯಲ್ಲಿಟ್ಟು ತಟ್ಟೆ ಬಡಿದು ಹೋಗುತ್ತಿದ್ದರು. ಬಾರದ ಕಾಯಿಲೆಗೂ ಮುಂಜಾಗ್ರತೆ ಇರಲೆಂದು ನನ್ನ ಬಾಗಿಲಿಗೆ ಬೇವು ಕಟ್ಟಿದರು. ಅಡುಗೆ ಮನೆಯಲ್ಲಿ ಕರಿಯುವುದು, ಒಗ್ಗರಣೆ ಎಲ್ಲ ನಿಲ್ಲಿಸಿದರು. ಇದೂ ನಮ್ಮ ಊರಿನದೇ ಪದ್ಧತಿ. ನಿನ್ನ ಮೈಮೇಲೆ ಇಲ್ಲದ ಗುಳ್ಳೆಗೆ ನಾನ್ಯಾಕೋ ಪಥ್ಯ ಮಾಡಬೇಕು ಎಂದು ಸಾದಿಕ್ ಕೆಳಗಿನಿಂದ ಕೂಗುತ್ತಿದ್ದ.

ಅವರ ಹೊಸ ವರ್ಷವನ್ನು ಕಿಟಕಿಯಿಂದ ನೋಡಿದೆ. ನಮ್ಮ ಯುಗಾದಿಯಂತೆ ಎಣ್ಣೆಸ್ನಾನ ಇದೆ, ಆದರೆ ಅದಕ್ಕೊಂದು ಸರ್ಕಾರಿ ಗಂಭೀರತೆ. ಹಳೆಯ ವರ್ಷ ಮುಗಿದು ಹೊಸದು ಕಾಲೂರುವ ನಡುವೆ ಕೆಲವು ಗಂಟೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಒಲೆ ಸಹ ಉರಿಸುವುದಿಲ್ಲ. ಕೆಲಸವಿಲ್ಲದೆ ಕೂರುವುದರಲ್ಲಿ ಅನುಭವಿಯಾದ ನನಗೆ ಈ ಹೊತ್ತು ಬಹಳ ಹಿತವಾಗಿ ಕಂಡಿತು. ದೇಶದಲ್ಲಿ ಎಲ್ಲರೂ ನನ್ನಂತೆ ಆಗಿದ್ದರು. ಆಮೇಲೆ ಪಂಚಾಂಗದವರು ಹೇಳಿದ ನಿಮಿಷಕ್ಕೆ ಎಲ್ಲ ಮನೆಗಳಲ್ಲೂ ಒಟ್ಟಿಗೆ ಒಲೆ ಹತ್ತಿತು, ಪಟಾಕಿ ಸಿಡಿಯಿತು, ಹಾಲು ಉಕ್ಕಿತು.

ಎರಡನೆಯ ಗೇಟಿನ ಮನೆಯಲ್ಲಿ ಹುಡುಗಿ ಗುಣವಾದಳು. ತಲೆಗೆ ಸ್ನಾನವಾಯಿತು, ಸೊಪ್ಪು ಬಿಚ್ಚಿದರು. ನಮ್ಮ ಕಡೆ ಆಗಿದ್ದರೆ ಮಾರಮ್ಮನಿಗೆ ಮೊಸರನ್ನ ಒಯ್ದು ತಂಪು ಮಾಡುತ್ತಿದ್ದರು. ಅಲ್ಲಿ ಊರಿನ ತಾಯಂದಿರನ್ನು ಕರೆದು, ಸಾಲಾಗಿ ಚಾಪೆಯ ಮೇಲೆ ಕೂರಿಸಿ, ತೆಂಗಿನ ಹಾಲಿನ ಅನ್ನ ಬಡಿಸಿದರು. ದೇವಿಗೆ ಕೊಡುವುದನ್ನು ತಾಯಂದಿರಿಗೆ ಕೊಡುವುದು ನನಗೆ ಇಷ್ಟವಾಯಿತು. ದೇವರನ್ನು ನಂಬದವನಿಗೂ ಅದರಲ್ಲಿ ತಕರಾರಿಲ್ಲ. ಹುಡುಗಿ ಹೊಸ ಅಂಗಿ ಹಾಕಿಕೊಂಡು ಬೀದಿಯಲ್ಲಿ ಸೈಕಲ್ಲು ಹೊಡೆಯುತ್ತ ನನ್ನ ಕಿಟಕಿಯತ್ತ ಕೈ ಬೀಸಿದಳು. ನಾನೂ ಬೀಸಿದೆ. ಅವಳಿಗೆ ನನ್ನ ಮೇಲೆ ಕನಿಕರವಿದ್ದಂತೆ ಕಂಡಿತು.

ನನ್ನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಪ್ರತಿದಿನ ಕನ್ನಡಿಯಲ್ಲಿ ಹುಡುಕಿದೆ. ಒಂದು ಎದ್ದಿತ್ತು, ಸೊಳ್ಳೆಯದು. ಡೆಂಗೆ ತರಬೇತಿಗೆ ಬಂದವನಿಗೆ ಅದೂ ಒಳ್ಳೆಯ ಸುದ್ದಿಯಲ್ಲ.

ಕೊನೆಗೆ ಕೆಲಸ ಸಾದಿಕ್‌ಗೆ ಆಯಿತು. ಹಳ್ಳಿಗಳಲ್ಲಿ ಅವನು ಚೆನ್ನಾಗಿ ದುಡಿದನೆಂದು ಡಾಕ್ಟರೇ ಹೇಳಿದರು. ಹೇಳಲು ಮಹಡಿಗೆ ಬಂದ ಅವನು ಬಾಗಿಲಲ್ಲೇ ನಿಂತು, ವಿಷಯ ಬಿಟ್ಟು, ಸಂಸ್ಥೆಯ ಜೀಪಿನ ಸೀಟು ಎಷ್ಟು ಕೆಟ್ಟದ್ದೆಂದು ಬಹಳ ಹೊತ್ತು ವಿವರಿಸಿದ. ನಾನು ಮುಖ ಗಂಟು ಹಾಕಿಕೊಳ್ಳಲಿಲ್ಲ ಎಂದು ನನ್ನ ನೆನಪು. ಹಾಕಿಕೊಂಡಿದ್ದೆ ಎಂದು ಅವನ ನೆನಪು.

ಶಿವಮೊಗ್ಗ

ಒಬ್ಬನೇ ಊರಿಗೆ ಬಂದೆ. ಈಗ ಗುತ್ತಿಗೆಯ ಮೇಲೆ ತರೀಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಡ್ರಮ್ಮು, ತೊಟ್ಟಿ, ಹಳೆಯ ಟೈರುಗಳೊಳಗೆ ಟಾರ್ಚು ಬಿಟ್ಟು ಸೊಳ್ಳೆಯ ಮರಿ ಹುಡುಕುವ ಕೆಲಸ ಸಿಕ್ಕಿದೆ. ಮಳೆಗಾಲ ಮುಗಿಯುವವರೆಗೆ ಚಿಂತೆಯಿಲ್ಲ.

ಬಂದ ಹೊಸದರಲ್ಲೇ ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಚಿಕನ್‌ಪಾಕ್ಸ್‌ಗೆ ನನ್ನ ರಕ್ತದಲ್ಲಿ ರಕ್ಷಣೆ ಇದೆಯೆಂದು ರಿಪೋರ್ಟು ಬಂತು. ಒಂದು ಗುಳ್ಳೆಯೂ ಏಳದೆ ಮೊನ್ನೆ ಮೊನ್ನೆ ಆಗಿರಬಹುದೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. ಹೊಸದಾಗಿ ಆದ ಗುರುತಿಲ್ಲ, ಹಳೆಯದು, ಚಿಕ್ಕಂದಿನದೇ ಇರಬೇಕು ಎಂದರು. ಅವ್ವ ಗೆದ್ದಳು. ಆ ರಿಪೋರ್ಟನ್ನು ಅವಳು ಅಜ್ಜಂಪುರಕ್ಕೆ ವಾಟ್ಸಾಪ್ ಮಾಡಿಸಿದಳು. ಮಿಷನ್ನುಗಳಿಗೇನು ಗೊತ್ತು ಎಂದು ದೊಡ್ಡಮ್ಮ ಉತ್ತರ ಕಳಿಸಿದಳು. ಕುರುನೆಗಲಕ್ಕೂ ಕಳಿಸಿದೆ. ಸಾದಿಕ್ ಫೋನು ಮಾಡಿ ಮತ್ತೆ ಜೀಪಿನ ಸೀಟಿನ ಮಾತನ್ನೇ ತೆಗೆದ. ಡಾಕ್ಟರ್ ನಿರ್ಮಲಾ ಮಾತ್ರ ಬರೆದರು: ತಿಳಿದದ್ದು ಒಳ್ಳೆಯದಾಯಿತು, ಆ ದಿನ ಇದು ನಮ್ಮ ಕೈಯಲ್ಲಿರಲಿಲ್ಲ.

ದೊಡ್ಡಮ್ಮನ ಮಾತು ಮನಸ್ಸಿನಿಂದ ಹೋಗಲಿಲ್ಲ. ಹಾಗಾಗಿ ಮುಂದಿನ ತಿಂಗಳು ಸಖರಾಯಪಟ್ಟಣದ ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಹೋಗಿ, ಇನ್ನೊಂದು ಲ್ಯಾಬಿನಲ್ಲಿ ಹಿಂದಿನ ರಿಪೋರ್ಟು ತೋರಿಸದೆ ಮತ್ತೆ ರಕ್ತ ಕೊಟ್ಟೆ. ಅದೂ ಅದನ್ನೇ ಹೇಳಿತು. ನನಗೆ ಅಮ್ಮ ಆಗಿತ್ತು.